ಎರಡೂ ಕೈ ಎತ್ತಿ ನಿಲ್ಲಿ

ಹೋದ ವಾರ ನಮ್ಮ ಶಾಖೆಯಲ್ಲಿ ಎರಡನೇ ಜೊತೆ ಕೀಲಿಗಳ ಪೊಟ್ಟಣಕ್ಕೆ ಅರಗು ಹಾಕುವ ಕೆಲಸವಿತ್ತು. ಬ್ಯಾಂಕಿನ ಸಕಲ ವ್ಯವಹಾರವೂ ಕಂಪ್ಯೂಟರಿನ ಹೊಟ್ಟೆ ಸೇರಿದ್ದರೂ ಈ ಒಂದು ಶಾಸ್ತ್ರ ಮಾತ್ರ ಅಜ್ಜನ ಕಾಲದ್ದೇ. ಮೇಣದ ಬತ್ತಿ ಹಚ್ಚಬೇಕು, ಅರಗು ಕರಗಿಸಬೇಕು, ಇಬ್ಬರು ಅಧಿಕಾರಿಗಳು ನಿಂತು ಹಿತ್ತಾಳೆ ಮುದ್ರೆ ಒತ್ತಬೇಕು. ಗಾಳಿಗೆ ಬತ್ತಿ ಆರುತ್ತದೆಂದು ಫ್ಯಾನು ನಿಲ್ಲಿಸಿದ್ದರು. ವಿಜಯವಾಡದ ಸೆಖೆಯಲ್ಲಿ ಫ್ಯಾನು ನಿಲ್ಲಿಸುವುದೆಂದರೆ ಏನೆಂದು ಇಲ್ಲಿದ್ದವರಿಗೇ ಗೊತ್ತು. ಬೆವರು ಒರೆಸಿಕೊಳ್ಳುತ್ತ ನಿಂತಿದ್ದಾಗ ಬಿಸಿ ಮೇಣದ ವಾಸನೆ ಮೂಗಿಗೆ ಬಂತು, ಮತ್ತು ನಾನು ವಿಶಾಖಪಟ್ಟಣದ ಪದ್ಮಜಾ ಮೇಡಂ ಅವರ ಫಿಜಿಯೋಥೆರಪಿ ಚಿಕಿತ್ಸಾಲಯದ ಬೆಂಚಿನ ಮೇಲಿದ್ದೆ.

ಅಲ್ಲಿ ಒಂದು ಸ್ಟೀಲಿನ ಪೆಟ್ಟಿಗೆಯಲ್ಲಿ ಯಾವಾಗಲೂ ಮೇಣ ಬೆಚ್ಚಗೆ ಕರಗಿರುತ್ತಿತ್ತು. ನನ್ನ ಮಗಳು ತೇಜು ಅದರಲ್ಲಿ ಬಲಗೈ ಅದ್ದಿ ತೆಗೆದು, ಮೇಣದ ಕೈಗವಸು ಹಾಕಿಕೊಂಡವಳಂತೆ ಕೂರುತ್ತಿದ್ದಳು. ಆಗ ಅವಳಿಗೆ ಹನ್ನೆರಡು. ಹೆರಿಗೆಯಲ್ಲಿ ಭುಜದ ನರ ಎಳೆದು, ಹುಟ್ಟಿದಾಗಿನಿಂದ ಆ ಕೈಗೆ ಬಲ ಕಡಿಮೆ. ಬೆರಳು ಚೆನ್ನಾಗಿಯೇ ಆಡುತ್ತವೆ, ಬರೆಯುತ್ತಾಳೆ, ಉಣ್ಣುತ್ತಾಳೆ. ಆದರೆ ಚಾಚಿದ ಕೈ ಎದೆಯ ಮಟ್ಟ ದಾಟಿ ಮೇಲೆ ಏಳುವುದಿಲ್ಲ. ದಿನಾ ವ್ಯಾಯಾಮ ಮಾಡದಿದ್ದರೆ ಇರುವಷ್ಟೂ ಬಿಗಿದುಕೊಂಡು ಇಳಿಯುತ್ತದೆ. ಪದ್ಮಜಾ ಮೇಡಂ ಇಟ್ಟುಕೊಂಡಿದ್ದ ಅಳತೆ ಸರಳ: ಮೊಣಕೈ ಮಡಚಿ, ಕತ್ತು ಬಾಗಿಸದೆ, ಬಲಗೈಯಿಂದ ಬಲಗಿವಿ ಮುಟ್ಟಬೇಕು. ಐದು ವರ್ಷ ಹೆಣಗಿ ತೇಜು ಆ ಮಳೆಗಾಲದಲ್ಲಿ ಕಿವಿ ಮುಟ್ಟಿದ್ದಳು. ಸಿಂಹಾಚಲಕ್ಕೆ ಹೋಗಿ ಕೈಮುಗಿದು ಬಂದಿದ್ದೆವು.

ನಮ್ಮದು ಗದಗ. ಬ್ಯಾಂಕು ನನ್ನನ್ನು ಎತ್ತಿ ಆಂಧ್ರದಲ್ಲಿ ಹಾಕಿ ಎಷ್ಟು ವರ್ಷವಾಯಿತೆಂದರೆ, ಮಗಳು ಕನಸಿನಲ್ಲಿ ತೆಲುಗು ಬಡಬಡಿಸುತ್ತಾಳೆ. ಮನೆಯಲ್ಲಿ ನಮ್ಮ ಗದಗಿನ ಮಾತೇ ಆಡಿದರೂ ಪ್ರತಿ ವಾಕ್ಯದ ಬಾಲಕ್ಕೆ ನಮ್ಮ ‘ಅಲ್ಲವೇ’ ಬದಲಿಗೆ ತೆಲುಗಿನ ಒಂದು ‘ಕದಾ’ ಅಂಟಿಸುತ್ತಾಳೆ. ಅದರ ಬಗ್ಗೆ ನನ್ನ ಹೆಂಡತಿ ಸವಿತಾಗೆ ಚಿಂತೆ. ನನಗೆ ಚಿಂತಿಸಲು ಬೇರೆ ವಿಷಯಗಳಿದ್ದವು.

ಚಿಕಿತ್ಸಾಲಯದ ಮೂಲೆಯಲ್ಲಿ ಟೀವಿಗೆ ಜೋಡಿಸಿದ ಒಂದು ಹಳೆಯ ಆಟದ ಯಂತ್ರವಿತ್ತು. ಕೈಯಲ್ಲಿ ರಿಮೋಟು ಹಿಡಿದು ಬೀಸಿದರೆ ಪರದೆಯ ಮೇಲೆ ಟೆನಿಸ್ ಚೆಂಡು ಹಾರುತ್ತಿತ್ತು. ಅದನ್ನು ಮಾಡುವುದನ್ನು ಕಂಪನಿ ಯಾವಾಗಲೋ ನಿಲ್ಲಿಸಿತ್ತು. ರಿಮೋಟಿನ ಬ್ಯಾಟರಿ ಮುಚ್ಚಳ ಕಳೆದು, ಕ್ರೇಪ್ ಬ್ಯಾಂಡೇಜು ಸುತ್ತಿದ್ದರು. ವ್ಯಾಯಾಮವೆಂದರೆ ಮುಖ ಗಂಟಿಕ್ಕುವ ಮಕ್ಕಳು ಅದರ ಮುಂದೆ ಸಾಲು ನಿಲ್ಲುತ್ತಿದ್ದರು. ಆದರೆ ಆ ಯಂತ್ರಕ್ಕೆ ಗೊತ್ತಿದ್ದದ್ದು ರಿಮೋಟು ಮಾತ್ರ, ಕೈಯಲ್ಲ. ತೇಜು ಭುಜ ಅಲುಗಿಸದೆ ಮಣಿಕಟ್ಟನ್ನಷ್ಟೇ ಕೊಡವಿ ಎಲ್ಲರನ್ನೂ ಸೋಲಿಸುತ್ತಿದ್ದಳು.

“ಕಳ್ಳಿ ಇವಳು, ಸರ್,” ಎಂದು ಪದ್ಮಜಾ ಮೇಡಂ ನನ್ನೊಡನೆ ತೆಲುಗಿನಲ್ಲಿ ನಗುತ್ತಿದ್ದರು. “ಗೆಲ್ಲುತ್ತಾಳೆ, ಆದರೆ ಭುಜಕ್ಕೆ ಒಂದು ಪೈಸೆ ಪ್ರಯೋಜನವಿಲ್ಲ.”

ಆ ಅಕ್ಟೋಬರಿನಲ್ಲಿ, ತುಫಾನಿನ ಎಚ್ಚರಿಕೆಯಿಂದ ಶಾಲೆಗೆ ರಜೆ ಕೊಟ್ಟಿದ್ದ ದಿನ, ಹೊಸ ಯಂತ್ರದ ಸುದ್ದಿ ಬಂತು. ಬೇರೆ ಕಂಪನಿಯದು. ಹೆಸರು ಹೇಳುವುದಿಲ್ಲ, ಅವರ ಜಾಹೀರಾತು ನಾನೇಕೆ ಮಾಡಲಿ. ಅದಕ್ಕೆ ರಿಮೋಟೇ ಇಲ್ಲವಂತೆ. ಟೀವಿಯ ಮೇಲೆ ಕೂತ ಕ್ಯಾಮೆರಾ ಮನುಷ್ಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಭುಜ ಯಾವುದು, ಮೊಣಕೈ ಯಾವುದು ಎಂದು ತಾನೇ ಗುರುತಿಸುತ್ತದಂತೆ. ಎರಡು ನಿಮಿಷದ ವಿಡಿಯೋದಲ್ಲಿ ಒಂದು ಕುಟುಂಬ ಹಲ್ಲು ಕಿರಿಯುತ್ತ ಗಾಳಿಪಟ ಹಾರಿಸುತ್ತಿತ್ತು. ಕೈ ಎತ್ತಿದಷ್ಟೂ ಪಟ ಮೇಲೆ. ಹೊರಗೆ ಗಾಳಿ ಬಾಗಿಲು ಬಡಿಯುತ್ತಿದ್ದರೆ ತೇಜು ಅದನ್ನೇ ಮತ್ತೆ ಮತ್ತೆ ಹಾಕಿಕೊಂಡು ಕೂತಿದ್ದಳು.

ಪದ್ಮಜಾ ಮೇಡಂ ಅಂತೂ ಕುಣಿದಾಡುವುದೊಂದು ಬಾಕಿ. “ಇದರ ಮುಂದೆ ಮೋಸ ನಡೆಯಲ್ಲ, ಸರ್! ಭುಜ ಎತ್ತಲೇಬೇಕು. ನಿಮ್ಮ ಮನೆಗೆ ಒಂದು ತನ್ನಿ, ನನ್ನ ಅರ್ಧ ಕೆಲಸ ಅದೇ ಮಾಡುತ್ತೆ.”

ತೇಜು ಒಂದು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಆ ಯಂತ್ರದ ಬಗ್ಗೆ ಬರೆದಿಡತೊಡಗಿದಳು. ಒಂದು ಕಡೆ ಆಸೆ, ಇನ್ನೊಂದು ಕಡೆ ಅನುಮಾನ. ಬರೆದದ್ದು ತೆಲುಗಿನಲ್ಲಿ. ನಾನು ಅಕ್ಷರ ಕೂಡಿಸಿಕೊಂಡು ಕದ್ದು ಓದಿದೆ. ಆಸೆಗಳ ಕಡೆ ಗಾಳಿಪಟ, ಈಜು, ಅಮ್ಮನ ಜೊತೆ ಬ್ಯಾಡ್ಮಿಂಟನ್ ಎಂದೆಲ್ಲ ಉದ್ದಕ್ಕೆ ಇತ್ತು. ಅನುಮಾನದ ಕಡೆ ಒಂದೇ ಸಾಲು: ಅದು ನನ್ನ ಬಲಗೈಯನ್ನು ಕೈ ಅಂತ ಒಪ್ಪಿಕೊಳ್ಳುತ್ತದಾ?

ಆ ಸಾಲು ನನ್ನ ತಲೆಗೆ ಹತ್ತಿ ಕೂತಿತು. ಒಂದು ಆಟದ ಸಾಮಾನಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡ ಐವತ್ತು ದಾಟಿದ ಗಂಡಸು ಆಂಧ್ರದ ಕರಾವಳಿಯಲ್ಲಿ ಇನ್ನೊಬ್ಬನಿರಲಿಲ್ಲ. ಅಂಗಡಿಯಲ್ಲಿ ಹೆಸರು ಬರೆಸಿದೆ. ಸಂಕ್ರಾಂತಿಗೆ ಬರುತ್ತದೆ ಅಂದರು. ಸಂಕ್ರಾಂತಿ ಬಂತು, ಬೀದಿಯಲ್ಲಿ ತಲೆಯಾಡಿಸುವ ಸಿಂಗರಿಸಿದ ಗಂಗೆತ್ತು ಬಂತು, ಯಂತ್ರ ಬರಲಿಲ್ಲ. ಯುಗಾದಿಗೆ ಅಂದರು. ಯುಗಾದಿಗೆ ಕಂಪನಿಯವರು ‘ನಿಮ್ಮ ಅನುಭವ ಇನ್ನಷ್ಟು ಸುಂದರವಾಗಲೆಂದು’ ಮತ್ತೆ ಮುಂದೂಡಿದರು. ನಾಳೆ ಬಾ ಎಂದು ಬಾಗಿಲ ಮೇಲೆ ಬರೆದು ದೆವ್ವವನ್ನು ವಾಪಸು ಕಳಿಸುತ್ತಿದ್ದರಂತಲ್ಲ, ಹಾಗೆ. ಅಂತರ್ಜಾಲದಲ್ಲಿ ಊಹಾಪೋಹದವರ ಹಾವಳಿ ಬೇರೆ. ಕಡಿಮೆ ಬೆಳಕಿನಲ್ಲಿ ಕ್ಯಾಮೆರಾಗೆ ಕಾಣುವುದಿಲ್ಲ ಅಂತ ಒಬ್ಬ, ಸೀರೆ ಉಟ್ಟವರ ಕಾಲು ಗುರುತಿಸುವುದಿಲ್ಲ ಅಂತ ಇನ್ನೊಬ್ಬ. ಯಂತ್ರವನ್ನು ಯಾರೂ ಕಂಡಿರಲಿಲ್ಲ, ಪ್ರವಚನಕ್ಕೆ ಮಾತ್ರ ಎಲ್ಲರೂ ತಯಾರು. ನಾನು ಬೈದುಕೊಳ್ಳುತ್ತಲೇ ಎಲ್ಲವನ್ನೂ ಓದುತ್ತಿದ್ದೆ.

“ಅಪ್ಪಾ, ಅವರು ನನ್ನಂಥಾವರನ್ನ ನಿಲ್ಲಿಸಿ ನೋಡಿರ್ತಾರ ಕದಾ?” ಎಂದು ತೇಜು ಒಮ್ಮೆ ಕೇಳಿದಳು.

“ನೋಡಿರ್ತಾರ, ನೋಡಿರ್ತಾರ,” ಎಂದೆ. ನನಗೇನು ಗೊತ್ತು?

ಏಪ್ರಿಲ್‌ನಲ್ಲಿ ವರ್ಗಾವಣೆಯ ಸುತ್ತೋಲೆ ಬಂತು. ಅದರಲ್ಲಿ ಪ್ರತಿ ವರ್ಷ ಒಂದು ಕಲಮು ಇರುತ್ತದೆ: ಮನೆಯಲ್ಲಿ ಅಂಗವೈಕಲ್ಯವಿರುವ ಮಕ್ಕಳಿದ್ದು ಚಿಕಿತ್ಸೆ ನಡೆಯುತ್ತಿದ್ದರೆ, ಪ್ರಮಾಣಪತ್ರ ಸೇರಿಸಿ ಅರ್ಜಿ ಕೊಟ್ಟರೆ, ಅದೇ ಊರಿನಲ್ಲಿ ಉಳಿಸುವುದನ್ನು ಪರಿಶೀಲಿಸಲಾಗುವುದು. ಆ ಕಲಮು ನನಗೆ ಬಾಯಿಪಾಠ. ಬೇರೆಯವರ ಅಂಥ ಅರ್ಜಿಗಳನ್ನು ಶಿಫಾರಸು ಬರೆದು ಮೇಲಕ್ಕೆ ಕಳಿಸುತ್ತಿದ್ದವನೇ ನಾನು. ನನ್ನದನ್ನು ಮಾತ್ರ ಒಮ್ಮೆಯೂ ಕೊಟ್ಟಿರಲಿಲ್ಲ. ತೇಜುವಿಗೆ ಪ್ರಮಾಣಪತ್ರವನ್ನೇ ಮಾಡಿಸಿರಲಿಲ್ಲ.

“ಈ ಸಲನಾದ್ರೂ ಹಾಕ್ರಿ,” ಎಂದು ಸವಿತಾ ಊಟಕ್ಕೆ ಕೂತಾಗ ಶುರು ಮಾಡಿದಳು. “ಪದ್ಮಜಾ ಮೇಡಂನ್ನ ಬಿಟ್ಟು ಎಲ್ಲಿಗೆ ಹೋಗೂದು? ಕಿವಿ ಮುಟ್ಟಾಕ ಐದು ವರ್ಷ ಹಿಡೀತು.”

“ಕಾಗದದಾಗ ಒಂದ್ಸಲ ಬಂತಂದ್ರ ಮುಗೀತು, ಸವಿತಾ. ಹೋದಲ್ಲೆಲ್ಲಾ ಅದು ಬೆನ್ನಿಗೆ ಬರ್ತದ. ಅಕಿ ಏನ್ ಅಂಗವಿಕಲಳಽ? ಬರೀತಾಳ, ಓದ್ತಾಳ, ಮೊದಲ ನಂಬರ್ ಬರ್ತಾಳ.”

“ನಾ ಏನ್ ಅಕಿಗೆ ಬೈದೇನು? ಕೈ ಏಳಂಗಿಲ್ಲ ಅಂದೆ. ಏಳಂಗಿಲ್ಲ ಹೌದಿಲ್ಲೋ?”

ಗದಗಿನಿಂದ ಅವ್ವನ ಫೋನೂ ಬಂತು. ಅಣ್ಣನ ಮನೆಯಲ್ಲಿ ಕೂತೇ ಎಲ್ಲರ ಸಂಸಾರ ನಡೆಸುವ ಹೆಂಗಸು ಅವಳು. “ಹೆಣ್ಣುಡುಗಿ, ನಾಳೆ ಲಗ್ನ ಆಗೂದದ. ಸರಕಾರಿ ಕಾಗದಾ ಗೀಗದಾ ಮಾಡಸಬ್ಯಾಡ ನೋಡಪಾ,” ಅಂದಳು. ನಾನು ಇದನ್ನೇ ಹಿಡಿದುಕೊಂಡೆ. ಅವ್ವ ಬೇಡ ಅಂದಳು ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ. ಈಗ ಒಪ್ಪಿಕೊಳ್ಳುತ್ತೇನೆ, ಅವ್ವ ಬರೀ ನೆಪ. ಇಪ್ಪತ್ತಾರು ವರ್ಷ ಫಾರ್ಮುಗಳ ನಡುವೆ ಬದುಕಿದವನಿಗೆ ‘ಇದೆ / ಇಲ್ಲ’ ಎಂಬ ಎರಡು ಚೌಕಗಳೆಂದರೆ ಭಯ. ‘ಇದೆ’ ಎಂದು ಗುರುತು ಹಾಕಿದ ಗಿರಾಕಿಗೆ ಹತ್ತು ಪ್ರಶ್ನೆ ಹೆಚ್ಚು ಬರುತ್ತವೆ ಎಂದು ನಾನು ದಿನಾ ನೋಡುತ್ತಿದ್ದೆ. ನನ್ನ ಮಗಳಿಗೆ ಆ ಹತ್ತು ಪ್ರಶ್ನೆ ಬೇಡ ಅನ್ನಿಸುತ್ತಿತ್ತು. ಅರ್ಜಿಯ ಕೊನೆಯ ದಿನ ದಾಟಿತು. ಮೇ ತಿಂಗಳಲ್ಲಿ ಆದೇಶ ಬಂತು: ವಿಜಯವಾಡ.

ಸವಿತಾ ಮೂರು ದಿನ ಮಾತಾಡಲಿಲ್ಲ. ಪದ್ಮಜಾ ಮೇಡಂ ಮಾತಾಡಿದರು, ಅದು ಇನ್ನೂ ಕಷ್ಟವಾಯಿತು. “ಏನು ಮಾಡೋದು ಸರ್, ಬ್ಯಾಂಕಿನವರು ಕರುಣೆ ಇಲ್ಲದವರು,” ಅಂದರು. ನಾನು ಹೌದೆಂಬಂತೆ ತಲೆ ಆಡಿಸಿದೆ. ಅವರು ವ್ಯಾಯಾಮಗಳನ್ನೆಲ್ಲ ಒಂದು ಹಾಳೆಯಲ್ಲಿ ಚಿತ್ರ ಸಮೇತ ಬರೆದುಕೊಟ್ಟರು. ತೇಜುವಿನ ಕೆನ್ನೆ ಹಿಂಡಿ, “ಆ ಯಂತ್ರ ಬಂದ ದಿನ ನನಗೆ ವಿಡಿಯೋ ಕಳಿಸಬೇಕು, ಭುಜ ಕಾಣಬೇಕು,” ಎಂದರು.

ಮೇ ತಿಂಗಳಲ್ಲಿ ವಿಜಯವಾಡಕ್ಕೆ ಮನೆ ಸಾಗಿಸುವವನಿಗೆ ಹಿಂದಿನ ಜನ್ಮದ ಪಾಪ ಏನಾದರೂ ಇರಲೇಬೇಕು. ವಿಶಾಖಪಟ್ಟಣದಲ್ಲಿ ಸಂಜೆಯಾದರೆ ಸಮುದ್ರದ ಗಾಳಿಯಾದರೂ ಬರುತ್ತಿತ್ತು. ಇಲ್ಲಿ ಕೃಷ್ಣಾ ನದಿಯ ದಂಡೆಯಲ್ಲಿ ನಿಂತರೂ ಒಲೆಯ ಮುಂದೆ ನಿಂತಂತೆ. ಸತ್ಯನಾರಾಯಣಪುರಂನಲ್ಲಿ ಮನೆ ಸಿಕ್ಕಿತು, ಎರಡನೇ ಮಹಡಿ, ಲಿಫ್ಟಿಲ್ಲ. ನನ್ನ ಎಡ ಮಂಡಿ ಆಗಲೇ ಕಟಕಟ ಅನ್ನುತ್ತಿತ್ತು. ಮೆಟ್ಟಿಲ ತಿರುವಿನಲ್ಲಿ ನಿಂತು ಮೊಬೈಲು ನೋಡುವ ನಾಟಕ ಮಾಡಿ ಮೇಲೆ ಹೋಗುತ್ತಿದ್ದೆ. “ಮಂಡಿ ತೋರಸ್ರಿ ಡಾಕ್ಟರಿಗೆ,” ಅಂತ ಸವಿತಾ ಅಂದರೆ, “ನನಗೇನಾಗೇದ?” ಎನ್ನುತ್ತಿದ್ದೆ.

ಹೊಸ ಊರಿನಲ್ಲಿ ಇಬ್ಬರು ಚಿಕಿತ್ಸಕರನ್ನು ನೋಡಿದೆವು. ಒಬ್ಬರು ತೇಜುವಿಗೆ ಹಿಡಿಸಲಿಲ್ಲ, ಇನ್ನೊಬ್ಬರಿಗೆ ಸಮಯವಿರಲಿಲ್ಲ. ಹಾಳೆಯ ಮೇಲಿನ ಚಿತ್ರಗಳನ್ನು ನೋಡಿ ನಾನೇ ಮಾಡಿಸಲು ಹೋದೆ. ಅಪ್ಪ ಮಾಡಿಸುವ ವ್ಯಾಯಾಮ ಯಾವ ಮಗು ಮಾಡುತ್ತದೆ? ಹತ್ತು ಸಲ ಅಂದರೆ ನಾಲ್ಕು ಸಲ ಮಾಡಿ, “ಯಂತ್ರ ಬಂದ್ ಮ್ಯಾಲೆ ಮಾಡ್ತೀನಿ ಕದಾ,” ಎಂದು ಎದ್ದು ಹೋಗುತ್ತಿದ್ದಳು. ಜೂನ್ ಕೊನೆಗೆ ಒಂದು ಬೆಳಿಗ್ಗೆ ಸವಿತಾ ಅವಳಿಗೆ ಜಡೆ ಹಾಕುತ್ತ, “ಕಿವಿ ಮುಟ್ಟು ನೋಡೂಣು,” ಎಂದಳು. ತೇಜುವಿನ ಕೈ ಕೆನ್ನೆಯವರೆಗೆ ಬಂದು ನಿಂತಿತು. ಇನ್ನೂ ನಾಲ್ಕು ಬೆರಳು ದೂರ. ಅವಳು ಕತ್ತು ಬಾಗಿಸಿ ಕಿವಿಯನ್ನೇ ಕೈಗೆ ತಂದು ಮುಟ್ಟಿಸಿ ನಕ್ಕಳು. ನಮಗಿಬ್ಬರಿಗೂ ನಗು ಬರಲಿಲ್ಲ.

ಆಗ ನಾನು ಆ ಯಂತ್ರವನ್ನು ದೇವರಂತೆ ಕಾಯತೊಡಗಿದೆ. ಆಟಗಾರ ಕ್ಯಾಮೆರಾದಿಂದ ಎಂಟು ಅಡಿ ದೂರ ನಿಲ್ಲಬೇಕಂತೆ. ನಮ್ಮ ಹಾಲಿನಲ್ಲಿ ಗೋಡೆಯಿಂದ ಸೋಫಾಕ್ಕೆ ಏಳೇ ಅಡಿ. ಸೋಫಾವನ್ನು ಮಲಗುವ ಕೋಣೆಗೆ ತಳ್ಳಿ, ಅಲ್ಲಿದ್ದ ಕಪಾಟನ್ನು ಅಡುಗೆಮನೆಯ ಪಕ್ಕಕ್ಕೆ ಎಳೆದು, ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕಿದೆ. ಮನೆಗೆ ಬಂದವರು ಕುಂಟೆಬಿಲ್ಲೆ ಆಡುತ್ತೀರಾ ಎಂದು ಕೇಳಿದರು.

ಜುಲೈ ಎರಡನೇ ಶನಿವಾರ ಅದು ಬಂತು. ಬ್ಯಾಂಕಿಗೆ ರಜೆ. ಬಿಳಿ ಪೆಟ್ಟಿಗೆ, ಒಳಗೆ ಕಪ್ಪು ಪಟ್ಟಿ, ಅದರಲ್ಲಿ ಎರಡು ಕಣ್ಣು. ಟೀವಿಯ ಮೇಲೆ ಕೂರಿಸಿದೆವು. ಮಾತಿಗೆ ಕನ್ನಡವಿರಲಿ, ತೆಲುಗೂ ಇರಲಿಲ್ಲ. ಎಲ್ಲ ಇಂಗ್ಲಿಷು. ತೇಜು ಆಗಲೇ ಸೀಮೆಸುಣ್ಣದ ಗೆರೆಯ ಮೇಲೆ ನಿಂತಿದ್ದಳು, ಸವಿತಾ ಕಿಟಕಿಯ ಪರದೆ ಎಳೆಯುತ್ತಿದ್ದಳು. ತೇಜುವಿನ ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ವಿವರ ತುಂಬುತ್ತಿದ್ದವನು ನಾನು. ಹೆಸರು, ವಯಸ್ಸು, ಎತ್ತರ. ಆಮೇಲೆ ಒಂದು ಪ್ರಶ್ನೆ ಬಂತು: ಈ ಆಟಗಾರರ ಚಲನೆಗೆ ಏನಾದರೂ ಮಿತಿ ಇದೆಯೇ? ಇದೆ, ಇಲ್ಲ.

ನನ್ನ ಬೆರಳು ನನ್ನನ್ನು ಕೇಳಲೇ ಇಲ್ಲ. ‘ಇಲ್ಲ’ ಒತ್ತಿ ಮುಂದೆ ಹೋಯಿತು. ಯಾರೂ ನೋಡಲಿಲ್ಲ ಅಂದುಕೊಂಡೆ.

ಪರದೆಯ ಮೇಲೆ ಒಂದು ಬೊಂಬೆ ಬಂದು ಕೈಗಳನ್ನು ಮೇಲಕ್ಕೆತ್ತಿತು. ಎರಡೂ ಕೈ ಎತ್ತಿ ನಿಲ್ಲಿ, ಎಂದಿತು ಯಂತ್ರ, ಹೆಂಗಸಿನ ದನಿಯಲ್ಲಿ. ತೇಜು ಎಡಗೈ ತಲೆಯ ಮೇಲೆತ್ತಿದಳು. ಪರದೆಯ ಮೇಲೆ ಅದರ ಸುತ್ತ ಹಸಿರು ಬಳೆ ಮೂಡಿತು. ಬಲಗೈ ಎದೆಯ ಮಟ್ಟಕ್ಕೆ ಬಂತು, ನಡುಗಿತು, ಕತ್ತಿನ ನರ ಉಬ್ಬಿತು. ಅದರ ಸುತ್ತಲಿನ ಬಳೆ ಕೆಂಪಾಗಿಯೇ ಉಳಿಯಿತು. ಕ್ಷಮಿಸಿ, ನಿಮ್ಮ ಕೈ ಕಾಣುತ್ತಿಲ್ಲ, ಕೋಣೆಯಲ್ಲಿ ಬೆಳಕಿದೆಯೇ ನೋಡಿ, ಎಂದಿತು.

ಬೆಳಕು! ನಾನು ಆ ಮಾತನ್ನು ನಂಬಲು ಕಾಯುತ್ತಿದ್ದವನಂತೆ ನಂಬಿದೆ. ಎರಡು ಟ್ಯೂಬ್‌ಲೈಟು ತಂದೆ. ಮುಂದಿನ ಭಾನುವಾರ ಕಿಟಕಿಯ ಪರದೆಗಳನ್ನೇ ಬಿಚ್ಚಿದೆ. ಅಂಗಿಯ ಬಣ್ಣ ಗೋಡೆಗೆ ಹೊಂದಿಕೊಂಡಿರಬಹುದೆಂದು ತೇಜುವಿಗೆ ಕಪ್ಪು ಅಂಗಿ ಹಾಕಿಸಿದೆ. ಕ್ಯಾಮೆರಾವನ್ನು ಕೆಳಗಿಟ್ಟೆ, ಮೇಲಿಟ್ಟೆ, ಅದರ ಗಾಜನ್ನು ನನ್ನ ಕನ್ನಡಕದ ಬಟ್ಟೆಯಿಂದ ಒರೆಸಿದೆ. ಗ್ರಾಹಕ ಸೇವೆಯವರಿಗೆ ಫೋನು ಹಚ್ಚಿದರೆ, “ಸರ್, ಆಟಗಾರರಿಗೆ ಏನಾದರೂ...” ಎಂದು ಆ ಹುಡುಗಿ ಶುರುಮಾಡಿದ್ದಳು. “ನನ್ನ ಮಗಳಿಗೇನೂ ಆಗಿಲ್ಲ, ನಿಮ್ಮ ಯಂತ್ರ ಸರಿಯಿಲ್ಲ,” ಎಂದು ಕೂಗಿ ಇಟ್ಟೆ. ತೇಜು ಪ್ರತಿ ಸಲವೂ ಹೇಳಿದಲ್ಲಿ ನಿಂತಳು, ಹೇಳಿದಷ್ಟು ಸಲ ಕೈ ಎತ್ತಿದಳು. ನೋಟ್‌ಬುಕ್ಕಿನಲ್ಲಿ ಅನುಮಾನದ ಆ ಒಂದು ಸಾಲಿನ ಮುಂದೆ ಏನಾದರೂ ಬರೆದಳೇ ಎಂದು ಒಂದು ದಿನ ಹುಡುಕಿದೆ. ಆ ಪುಟವೇ ಇರಲಿಲ್ಲ.

ಸವಿತಾ ಒಂದೇ ಮಾತು ಹೇಳಿದಳು. “ಸಾಕ್ ಮಾಡ್ರಿ. ಹುಡುಗಿ ಕೈ ಎತ್ತಿ ಎತ್ತಿ ಪೊಲೀಸ್ರ ಮುಂದ ನಿಂತಂಗ ನಿಲ್ತಾಳ.”

ಅದಾದ ಮಂಗಳವಾರ ಸಂಜೆ ನಾನು ಶಾಖೆಯಿಂದ ಬಂದೆ. ಮೆಟ್ಟಿಲ ತಿರುವಿನಲ್ಲಿ ಮಂಡಿಗಾಗಿ ನಿಂತಿದ್ದಾಗ ನಮ್ಮ ಮನೆಯಿಂದ ಗದ್ದಲ ಕೇಳಿತು. ಬಾಗಿಲು ತೆರೆದರೆ ಟೀವಿಯ ತುಂಬ ನೀಲಿ ಆಕಾಶ. ತೇಜು ಸೀಮೆಸುಣ್ಣದ ಗೆರೆಯ ಮೇಲೆ ನಿಂತು ಬಲಗೈ ಎತ್ತುತ್ತಿದ್ದಳು. ಕೈ ಎದೆಯ ಮಟ್ಟಕ್ಕೆ ಬಂದಾಗ ಕೆಂಪು ಗಾಳಿಪಟ ಪರದೆಯ ತುತ್ತತುದಿ ಮುಟ್ಟುತ್ತಿತ್ತು. ಅವಳ ಕೈ ಎಲ್ಲಿಯವರೆಗೆ ಏಳುತ್ತದೋ ಅಲ್ಲಿಗೇ ಆಕಾಶದ ಮೇಲಂಚನ್ನು ಇಟ್ಟಿತ್ತು ಆ ಯಂತ್ರ. ಸವಿತಾ ಅಡುಗೆಮನೆಯ ಬಾಗಿಲಲ್ಲಿ ಲಟ್ಟಣಿಗೆ ಹಿಡಿದು ನಿಂತೇ ಬಿಟ್ಟಿದ್ದಳು. ತೇಜುವಿನ ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ಆ ಬೆವರು ನೋಡಿ ನನಗೆ ಅಳು ಬಂತು.

“ಹೆಂಗ ಸರಿ ಆತು?” ಎಂದೆ.

“ನಿನ್ನ ಖಾತೆ ಅಳಸಿ ನಾ ಹೊಸಾದು ಮಾಡಿದೆ,” ಎಂದಳು, ಪಟದಿಂದ ಕಣ್ಣು ತೆಗೆಯದೆ. “ಮಿತಿ ಅದ ಏನು ಅಂತ ಕೇಳ್ತದ. ಅದ ಅಂದೆ. ಯಾವ ಕೈ ಅಂತು, ಬಲಗೈ ಅಂದೆ. ಎಷ್ಟು ಏಳ್ತದ ತೋರಸು ಅಂತು, ತೋರಸಿದೆ. ಅಷ್ಟಽ.”

ನಾನು ಕೈಯಲ್ಲಿದ್ದ ಚೀಲ ಕೆಳಗಿಟ್ಟೆ. “ಹೌದಾ... ನನಗ ಕಾಣಲಿಲ್ಲ ಅದು.”

ಪಟ ನಿಂತಲ್ಲೇ ನಿಂತಿತು. ತೇಜು ತಿರುಗಿ ನನ್ನನ್ನು ನೋಡಿದಳು.

“ನೀ ಇಲ್ಲ ಅಂತ ಒತ್ತಿದ್ದು ನಾ ನೋಡಿದ್ದೆ, ಅಪ್ಪಾ.”

“ಮತ್ತ ಅವಾಗಽ ಯಾಕ ಹೇಳ್ಲಿಲ್ಲ?”

“ನಿನಗ ಬ್ಯಾಸರ ಆಗ್ತದ ಅಂತ.”

ಎರಡು ವಾರ. ಆ ಹುಡುಗಿ ಎರಡು ವಾರ, ಆಗುವುದಿಲ್ಲವೆಂದು ಗೊತ್ತಿದ್ದೂ, ನನಗೆ ಬೇಸರವಾಗಬಾರದೆಂದು ಕೈ ಎತ್ತಿ ಎತ್ತಿ ನಿಂತಿದ್ದಳು. ಕಂಪನಿಗೆ ಬೈದಿದ್ದೆ, ಅಂಗಡಿಯವನಿಗೆ ಬೈದಿದ್ದೆ, ಬ್ಯಾಂಕಿಗೆ, ಬಿಸಿಲಿಗೆ, ಟ್ಯೂಬ್‌ಲೈಟಿಗೆ ಬೈದಿದ್ದೆ. ಬೈಸಿಕೊಳ್ಳಬೇಕಾದವನು ಯಾರೆಂದು ಮನೆಯಲ್ಲಿ ಎಲ್ಲರಿಗೂ ಮೊದಲೇ ಗೊತ್ತಿತ್ತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಪದ್ಮಜಾ ಮೇಡಂಗೆ ವಿಡಿಯೋ ಹೋಯಿತು. ಅವರು ತೆಲುಗಿನಲ್ಲಿ ಬರೆದ ಉತ್ತರದಲ್ಲಿ ಅರ್ಧ ಮುದ್ದು, ಅರ್ಧ ಬೈಗುಳ: ಇನ್ನೂ ಎರಡು ಬೆರಳು ಎತ್ತು, ಕಳ್ಳಿ. ಪ್ರಮಾಣಪತ್ರ ಮಾಡಿಸಿದೆವು. ಈ ಏಪ್ರಿಲ್‌ನಲ್ಲಿ ವಿಶಾಖಪಟ್ಟಣಕ್ಕೆ ವಾಪಸು ಕಳಿಸಿ ಎಂದು ಅರ್ಜಿ ಹಾಕಿದ್ದೇನೆ. ಮೇಲಿನವರು ಏನು ಮಾಡುತ್ತಾರೋ, ಅವರಿಗೂ ‘ಪರಿಶೀಲಿಸಲಾಗುವುದು’ ಎಂಬ ಕಾಯಿಲೆ ಇದೆ. ಕೈ ಕಿವಿಗೆ ಇನ್ನೂ ಒಂದು ಬೆರಳು ದೂರ.

ಆದರೆ ಆ ಮಂಗಳವಾರ ಇನ್ನೊಂದು ಬಾಕಿಯಿತ್ತು. ನಾನು ಚಪ್ಪಲಿಯನ್ನೂ ಬಿಡದೆ ನಿಂತಿದ್ದೆ. ತೇಜು ನನ್ನ ಅಂಗಿಯ ತೋಳು ಹಿಡಿದು ಎಳೆದು ಗೆರೆಯ ಮೇಲೆ ತನ್ನ ಪಕ್ಕಕ್ಕೆ ನಿಲ್ಲಿಸಿದಳು. ಕಪ್ಪು ಪಟ್ಟಿಯ ಎರಡು ಕಣ್ಣು ನನ್ನನ್ನು ನೋಡಿದವು. ಎರಡನೇ ಆಟಗಾರರಿಗೆ ಸ್ವಾಗತ, ಎಂದಿತು ಆ ಹೆಂಗಸಿನ ದನಿ, ಮತ್ತು ಅದೇ ಪ್ರಶ್ನೆ ಕೇಳಿತು: ನಿಮ್ಮ ಚಲನೆಗೆ ಏನಾದರೂ ಮಿತಿ ಇದೆಯೇ?

ನಾನು ಬಾಯಿ ತೆರೆದೆ. ತೇಜು ಮೊಬೈಲಿನ ಮೇಲೆ ಬೆರಳಿಟ್ಟು, ನನ್ನ ಎಡ ಮಂಡಿಯನ್ನೇ ನೋಡುತ್ತಿದ್ದಳು.

“ಖರೆ ಹೇಳು, ಅಪ್ಪಾ,” ಎಂದಳು. “ನಾ ಯಾರಿಗೂ ಹೇಳಂಗಿಲ್ಲ.”